ಊರು ಕೇಳಿದರೆ ತಡವರಿಸುತ್ತಿದ್ದ ಯಂತ್ರ

ಕೇಳಿಸಿಕೊಳ್ಳುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ಕನ್ನಡಕ ತಲೆಯ ಮೇಲೇರುತ್ತಿತ್ತು, ತೋರುಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು. ಹಾಸನದ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಎಲ್ಲರಿಗೂ ‘ಸಿಸ್ಟಮ್ ಮೇಡಂ’. ಹೊಳೆನರಸೀಪುರದವರು. ಸ್ಥಳೀಯ ಪತ್ರಿಕೆಯ ವರದಿಗಾರನಾಗಿದ್ದ ನನಗೆ ಸಿಕ್ಕಾಗಲೆಲ್ಲ ಹೇಳುತ್ತಿದ್ದರು: “ಊಹೆ ಬರೀಬೇಡಿ. ನೋಡಿದ್ದು ಬರೀರಿ, ಸಾಕು.”

ಎರಡು ಸಾವಿರನೇ ಇಸವಿಯ ನಂತರದ ಮೊದಲ ವರ್ಷಗಳು. ರೋಗಿಗಳ ಹಳೆಯ ವಿವರಗಳನ್ನೆಲ್ಲ ಆಸ್ಪತ್ರೆಯವರು ಹೊಸ ಡೇಟಾಬೇಸಿಗೆ ಸಾಗಿಸಿದ್ದರು. ಆ ವಾರ ನಾನು ಹೋದದ್ದು ಸುದ್ದಿಗಲ್ಲ. ನಾಲ್ಕು ಹೆಜ್ಜೆ ನಡೆದರೆ ಎದೆ ಬಿಗಿಯುತ್ತದೆ ಎನ್ನುತ್ತಿದ್ದ ಅಪ್ಪನನ್ನು ಕರೆದುಕೊಂಡು. ವಾರಕ್ಕೊಮ್ಮೆ ಮೈಸೂರಿನಿಂದ ಬರುತ್ತಿದ್ದ ಹೃದಯದ ಡಾಕ್ಟರು ಊಟದ ಹೊತ್ತಿಗೆ ಹೊರಟುಬಿಡುತ್ತಿದ್ದರು. ಚೀಟಿ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಚೀಟಿ ಕೊಡುವ ಮೊದಲು ಒಬ್ಬೊಬ್ಬರ ವಿವರ ಹುಡುಕಲು, ಹೊಸದು ಬಂದಮೇಲೆ, ಕೌಂಟರಿನಲ್ಲಿ ನಿಮಿಷಗಟ್ಟಲೆ ಹಿಡಿಯುತ್ತಿತ್ತು.

“ಹಳೇದನ್ನೇ ವಾಪಸ್ ಹಾಕ್ಬುಡಿ ಮೇಡಂ,” ಎಂದ ಗುಮಾಸ್ತ. ಹೊಸ ಯಂತ್ರವನ್ನೇ ತರಿಸೋಣ ಎಂದರು ಆಡಳಿತದವರು. ಮೇಡಂ ತಮ್ಮ ಕೋಣೆಯಲ್ಲಿ ರೋಗಿಯ ಹೆಸರು ಹಾಕಿ ನೋಡಿದ್ದರು, ತಕ್ಷಣ ಸಿಕ್ಕಿತ್ತು. ವಾದಿಸದೆ ಕೌಂಟರಿನ ಪಕ್ಕ ಬಂದು ನಿಂತು ಕಣ್ಣು ಮುಚ್ಚಿದರು.

ಅಪ್ಪನ ಸರದಿ ಬಂತು.

“ಹೆಸ್ರು?”

“ನಮ್ಮೂರು ದುದ್ದ ಕಣಪ್ಪ. ಕೆರೆ ಕೆಳಗ್ಲ ಮನೆ.”

“ಹೆಸ್ರು ಕೇಳಿದ್ದು ಯಜಮಾನ್ರೇ.”

“ತಡಿ ಕಣ್ಲಾ, ಏಳ್ತೀನಿ. ಊರೇ ತಿಳೀದೆ ಬರೀ ಎಸ್ರು ತಕಂಡು ಏನ್ ಮಾಡೀಯ?”

ಅಷ್ಟರಲ್ಲಿ ಗುಮಾಸ್ತ ‘ದುದ್ದ’ ಎಂದು ಒತ್ತಿಯಾಗಿತ್ತು. ಊರು ಹಾಕಿ, ಪಟ್ಟಿ ಬಂದಮೇಲೆ ಹೆಸರು ಆರಿಸುವುದು ಕೌಂಟರಿನ ಹಳೆಯ ರೂಢಿ. ಯಂತ್ರ ಮತ್ತೆ ನಿಂತಿತು.

ಮೇಡಂ ಕಣ್ಣು ತೆರೆದರು. “ಅವರು ಸರಿಯಾಗೇ ಹೇಳ್ತಿದಾರೆ. ನಾವು ಕೇಳಿಸ್ಕೊಂಡಿಲ್ಲ.”

ಯಾವ ದಾರಿಯಲ್ಲಿ ಹುಡುಕುತ್ತಿದ್ದೀ ಎಂದು ಡೇಟಾಬೇಸನ್ನೇ ಕೇಳಿ, ಉತ್ತರವನ್ನು ಪರದೆಯ ಮೇಲೆ ನನಗೂ ತೋರಿಸಿದರು. ಹಳೆಯದರಲ್ಲಿ ಊರಿನಿಂದ ಹುಡುಕಲು, ಪುಸ್ತಕದ ಕೊನೆಯಲ್ಲಿರುವಂಥ ಒಂದು ಸೂಚಿ, ಅಂದರೆ ಇಂಡೆಕ್ಸ್, ಇತ್ತು. ಹೊಸದರಲ್ಲಿ ಇದ್ದದ್ದು ಹೆಸರಿನಿಂದ ಶುರುವಾಗುವ ಸೂಚಿ ಮಾತ್ರ. ಬರೀ ಊರು ಕೊಟ್ಟರೆ ಅದು ಉಪಯೋಗಕ್ಕೆ ಬಾರದೆ, ದುದ್ದದ ಒಬ್ಬರಿಗಾಗಿ ಯಂತ್ರ ಅರಕಲಗೂಡು, ಚನ್ನರಾಯಪಟ್ಟಣದವರನ್ನೆಲ್ಲ ಓದಿಕೊಂಡು ಬರುತ್ತಿತ್ತು. ಅವರು ಅಲ್ಲೇ ಕೂತು ಊರು ಮೊದಲು ಬರುವ ಸೂಚಿ ಕಟ್ಟಿದರು. ಮುಂದಿನ ಸಲ ಒತ್ತಿದ ಕೂಡಲೇ ಪಟ್ಟಿ ಬಂತು. ಡಾಕ್ಟರು ಇನ್ನೂ ಹೊರಟಿರಲಿಲ್ಲ. ಅಪ್ಪನನ್ನು ನೋಡಿ, ಚಿಕಿತ್ಸೆಗೆಂದು ತಮ್ಮ ಜೊತೆಗೇ ಮೈಸೂರಿಗೆ ಕರೆದೊಯ್ದರು.

ಕೇಳಿಸಿಕೊಳ್ಳುವುದು ನನ್ನ ಕಸುಬು. ಬೆಳಗಿನಿಂದ ಅದೇ ಸಾಲಿನಲ್ಲಿ ನಿಂತು, ಒಬ್ಬೊಬ್ಬರೂ ಊರನ್ನೇ ಮೊದಲು ಹೇಳುವುದನ್ನು ಕೇಳಿದ್ದೆ. ಕಾರಣ ಅದರಲ್ಲೇ ಇದೆ ಎಂದು ಹೊಳೆದಿರಲಿಲ್ಲ. ಆ ಬೆರಗು ಇನ್ನೂ ಇಳಿದಿಲ್ಲ.

ಕೆಲವು ವರ್ಷಗಳ ನಂತರ ಮೇಡಂ ತೀರಿಕೊಂಡರು. ನಿಧನ ವಾರ್ತೆ ಬರೆಯುವ ಕೆಲಸ ನನಗೆ ಬಂತು. ಪತ್ರಿಕೆಯ ಕ್ರಮದಲ್ಲಿ ಹೆಸರು ಮೊದಲು ಬರಬೇಕು. ನಾನು ಅವರ ಊರಿನಿಂದ, ಹೊಳೆನರಸೀಪುರ ಎಂದು ಶುರುಮಾಡಿದೆ.

ಬೆಳಿಗ್ಗೆ ಅಪ್ಪ ಅದನ್ನು ನನ್ನಿಂದಲೇ ಓದಿಸಿಕೊಂಡರು. “ಊರು ಮೊದ್ಲು ಏಳ್ದಲ್ಲ, ಈಗ ಗೊತ್ತಾಯ್ತು ಕಣ್ಲಾ, ಯಾರು ಅಂತ,” ಎಂದು ಪತ್ರಿಕೆಯನ್ನು ಕೈಗೆ ತೆಗೆದುಕೊಂಡರು.