ನಾನು ನೋಡದೆ ಬರೆದ ಬಿಸಿಲು

ನಾಲ್ಕು ಪುಸ್ತಕಗಳಲ್ಲಿ ನಾನು ಬರೆದಿಟ್ಟಿರುವ ಬಿಸಿಲು ಸುಳ್ಳು. ಗೋವಿಂದರಾಜನಗರದ ನಮ್ಮ ನಿವಾಸಿಗಳ ಸಂಘದ ಕೋಣೆಯಲ್ಲಿ, ಗಾಜಿನ ಬೀರುವಿನೊಳಗೆ ಅವನ್ನು ಸಾಲಾಗಿ ನಿಲ್ಲಿಸಿ, ‘ಇಪ್ಪತ್ತೆರಡು ವರ್ಷಗಳ ತಾಪಮಾನ, ದಾಖಲಿಸಿದವರು ಶ್ರೀ ಮರಿಯಪ್ಪ’ ಎಂದು ಚೀಟಿ ಅಂಟಿಸಿದ್ದರು. ಆ ಇಪ್ಪತ್ತೆರಡರಲ್ಲಿ ಮೊದಲ ನಾಲ್ಕು ವರ್ಷ ಮಾತ್ರ ನಿಜ. ಉಳಿದ ಹದಿನೆಂಟು ವರ್ಷ ನಾನು ಬಿಸಿಲಿಗೆ ಹೋಗಲೇ ಇಲ್ಲ — ನೆರಳಿನಲ್ಲಿ ಕುಳಿತು ಬರೆದೆ. ಆಮೇಲೆ ಆ ಸುಳ್ಳನ್ನು ನೂರು ಜನರೆದುರು ನಿಜವೆಂದು ಹೇಳಿ, ನಿಜ ಹೇಳುತ್ತಿದ್ದ ಒಬ್ಬ ಹೆಂಗಸನ್ನು ಸುಮ್ಮನಾಗಿಸಿದೆ. ಶ್ರೀ ಮರಿಯಪ್ಪ ಅಂದರೆ ಇಷ್ಟೇ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ವಿಜಯನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರಯೋಗಾಲಯದ ಅಟೆಂಡರ್ ಆಗಿದ್ದೆ. ಅಲ್ಲಿನ ಹಳೆಯ ಹೆಡ್‌ಮಾಸ್ಟರರು ತಾರಸಿಯ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ ನಿಲ್ಲಿಸಿದ್ದರು. ಗಾಳಿಯಾಡಲು ಸುತ್ತ ಪಟ್ಟಿಗಳು, ಒಳಗೆ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಗಾಜಿನ ಕೊಳವೆ. ಆ ಕೊಳವೆಯೊಳಗೆ ಎರಡು ಸಣ್ಣ ಉಕ್ಕಿನ ಕಡ್ಡಿಗಳಿದ್ದವು. ಪಾದರಸ ಒಂದನ್ನು ಆ ದಿನದ ಅತಿ ಹೆಚ್ಚಿನ ಬಿಸಿಗೆ ತಳ್ಳಿ ನಿಲ್ಲಿಸುತ್ತಿತ್ತು, ಇನ್ನೊಂದನ್ನು ಅತಿ ಕಡಿಮೆಗೆ. ಬೆಳಿಗ್ಗೆ ಎಂಟೂವರೆಗೆ ಕಬ್ಬಿಣದ ಏಣಿ ಹತ್ತಬೇಕು, ಎರಡನ್ನೂ ನೋಡಬೇಕು, ಬರೆಯಬೇಕು, ಅಯಸ್ಕಾಂತ ಹಿಡಿದು ಕಡ್ಡಿಗಳನ್ನು ಮತ್ತೆ ಪಾದರಸದ ಮೇಲಕ್ಕೆ ಇಳಿಸಬೇಕು. ಅಷ್ಟೇ ಕೆಲಸ. “ಒಂದ್ ದಿನಾನೂ ತಪ್ಪಬಾರದು ಮರಿಯಪ್ಪ. ಭಾನುವಾರಾನೂ ಅಷ್ಟೇ,” ಎಂದಿದ್ದರು ಹೆಡ್‌ಮಾಸ್ಟರರು. ಶಾಲೆಯ ಹಿಂದೆಯೇ ನನ್ನ ಬಾಡಿಗೆ ಮನೆ. ಹೋಗಿ ಬರಲು ಕಾಲು ಗಂಟೆಯೂ ಬೇಡ.

ನಾಲ್ಕು ವರ್ಷ ಹತ್ತಿದೆ. ಹೆಡ್‌ಮಾಸ್ಟರರು ನಿವೃತ್ತರಾದರು. ಮೊದಲು ಒಂದು ಭಾನುವಾರ ಬಿಟ್ಟೆ — ಸೋಮವಾರ ಬಂದು, ಶನಿವಾರದ್ದನ್ನೇ ಅರ್ಧ ಡಿಗ್ರಿ ಆಚೀಚೆ ಮಾಡಿ ಬರೆದೆ. ಯಾರೂ ಕೇಳಲಿಲ್ಲ. ಆಮೇಲೆ ದಸರಾ ರಜೆ ಪೂರ್ತಿ ಬಿಟ್ಟೆ. ಅದನ್ನು ತುಂಬಲು ಒಂದು ಉಪಾಯ ಹೊಳೆಯಿತು: ಹಳೆಯ ವರ್ಷದ ಹಾಳೆ ತೆರೆದು, ಅದೇ ತಾರೀಖಿನ ಸಂಖ್ಯೆಯನ್ನು ಎತ್ತಿ ಬರೆಯುವುದು. ಇಂದು ಮಳೆ ಬಂದಿದ್ದರೆ ಸ್ವಲ್ಪ ಇಳಿಸುವುದು, ಬಾರದಿದ್ದರೆ ಹಾಗೇ ಬಿಡುವುದು. ನೋಡಿದವರಿಗೆ ಅನುಮಾನ ಬಾರದಂತೆ ಅಲ್ಲೊಂದು ಇಲ್ಲೊಂದು ಶಾಯಿಯ ಮಚ್ಚೆ. ಎಷ್ಟು ಜಾಣ. ಐದನೆಯ ವರ್ಷ ಮುಗಿಯುವ ಹೊತ್ತಿಗೆ ಏಣಿಯ ಬಳಿ ಹೋಗುವುದನ್ನೇ ಬಿಟ್ಟೆ. ಕಾಫಿ ಕುಡಿಯುತ್ತಾ, ಪ್ರಯೋಗಾಲಯದ ಮೇಜಿನ ಮೇಲೆ ಒಂದು ವಾರದ ಬಿಸಿಲನ್ನು ಐದು ನಿಮಿಷದಲ್ಲಿ ಬರೆದು ಮುಗಿಸುತ್ತಿದ್ದೆ. ಮಂಡಿ ನೋವಿತ್ತೇ? ಇರಲಿಲ್ಲ. ಮನೆಯಲ್ಲಿ ಕಷ್ಟವಿತ್ತೇ? ಏಣಿ ಹತ್ತಲಾಗದಷ್ಟು ಯಾವ ಕಷ್ಟವೂ ಇರಲಿಲ್ಲ. ಸೋಮಾರಿತನ — ಅದರ ಹೆಸರು ಅದೊಂದೇ.

ಆಗ ಶಾಲೆಗೆ ವಿಮಲಾ ಮಿಸ್ ಬಂದರು. ವಿಜ್ಞಾನದ ಟೀಚರು. ಸಣ್ಣಗೆ, ಎತ್ತರಕ್ಕೆ, ಹತ್ತಿ ಸೀರೆಯ ಸೆರಗಿನ ತುಂಬ ಸೀಮೆಸುಣ್ಣ. ಪ್ರತಿ ವರ್ಷ ಎಂಟನೆಯ ತರಗತಿಯವರನ್ನು ಪ್ರಯೋಗಾಲಯಕ್ಕೆ ಕರೆತಂದು, ನನ್ನ ಪುಸ್ತಕ ತೆರೆದು ಹೇಳುತ್ತಿದ್ದರು: “ನೋಡ್ರೋ, ವಿಜ್ಞಾನ ಅಂದ್ರೆ ರಾಕೆಟ್ಟು ಬಿಡೋದು ಮಾತ್ರ ಅಲ್ಲ. ದಿನಾ ಒಬ್ಬ ಮನುಷ್ಯ ಏಣಿ ಹತ್ತಿ, ಕಂಡದ್ದನ್ನ ಕಂಡ ಹಾಗೆ ಬರೀತಾನಲ್ಲ, ಅದು.” ನಾನು ಬಾಗಿಲ ಬಳಿ ಕೈಕಟ್ಟಿ ನಿಂತು ನಗುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯನ್ನು ವರ್ಷ ವರ್ಷ ತೆಗೆದುಕೊಂಡೆ ನಾನು — ನಾಚಿಕೆ ಎಂಬುದು ನನಗೆ ಇರಲೇ ಇಲ್ಲ.

ನಾನು ನಿವೃತ್ತನಾಗುವ ವರ್ಷ ಶಾಲೆಯ ಮೇಲೆ ಇನ್ನೊಂದು ಮಹಡಿ ಎದ್ದಿತು. ಪೆಟ್ಟಿಗೆ ಕಿತ್ತರು. ಪುಸ್ತಕಗಳನ್ನು ಗುಜರಿಗೆ ಹಾಕುವವರಿದ್ದರು. ನಾನು ಮನೆಗೆ ತಂದೆ. ಗುಜರಿಯವನ ತಕ್ಕಡಿಯಲ್ಲಿ ಅವು ಎಲ್ಲಿಗೆ ಸೇರಬೇಕಿತ್ತೋ ಅಲ್ಲಿಗೇ ಸೇರುತ್ತಿದ್ದವು. ಆದರೆ ನನಗೆ ಹೆಮ್ಮೆ ಬೇಕಿತ್ತು. ಗೋವಿಂದರಾಜನಗರಕ್ಕೆ ಮನೆ ಬದಲಿಸಿದ ಮೇಲೆ ಪಾರ್ಕಿನಲ್ಲಿ ವಾಕಿಂಗಿಗೆ ಬರುವವರೆದುರು ಹೇಳಿಕೊಂಡು ತಿರುಗಿದೆ: “ಇಪ್ಪತ್ತೆರಡು ವರ್ಷ ಸಾರ್, ಒಂದ್ ದಿನ ತಪ್ಪಿಸಿಲ್ಲ.” ಹೇಳಿ ಹೇಳಿ ನನಗೇ ನಂಬಿಕೆ ಬಂದಿತ್ತೇನೋ —

ಮೂರು ವರ್ಷದ ಹಿಂದಿನ ಒಂದು ಏಪ್ರಿಲ್ ತಿಂಗಳು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಚರ್ಚೆ ಇಟ್ಟಿದ್ದರು. ‘ಭೂಮಿ ಉಳಿಸಿ. ತಾಪಮಾನ ಏರಿಕೆ: ಕಾರಣ ಯಾರು? ಪರಿಹಾರ ಏನು?’ ಎಂದು ಇಪ್ಪತ್ತಡಿ ಉದ್ದದ ಪ್ಲಾಸ್ಟಿಕ್ ಫ್ಲೆಕ್ಸು, ಅದರ ಕೆಳಗೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು. ಎರಡು ಕ್ರಾಸ್ ಆಚೆಯಿಂದ ಕಾರಿನಲ್ಲಿ ಬಂದವರೊಬ್ಬರು ಎಲ್ಲರೂ ಸೈಕಲ್ ತುಳಿಯಬೇಕು ಎಂದರು. ಇನ್ನೊಬ್ಬರು ಎಲ್ಲ ಪರದೇಶದ ಫ್ಯಾಕ್ಟರಿಗಳ ತಪ್ಪು, ನಮ್ಮದೇನಿಲ್ಲ ಎಂದರು. ಮತ್ತೊಬ್ಬರು ಕಲಿಯುಗಕ್ಕೆ ಹೋದರು. ಪರಿಹಾರವಾಗಿ ಕುಂಡದಲ್ಲಿ ತುಳಸಿ ನೆಡುವುದೆಂದು ಒಬ್ಬರು ಹೇಳಿ ಫೋಟೋ ತೆಗೆಸಿಕೊಂಡರು. ಭೂಮಿ ಬಿಸಿಯಾದದ್ದು ಯಾರಿಂದ ಎಂದು ಅಷ್ಟು ಜನ ಹುಡುಕುತ್ತಿದ್ದರು. ಒಬ್ಬನಿಗೂ ಕನ್ನಡಿ ಜ್ಞಾಪಕಕ್ಕೆ ಬರಲಿಲ್ಲ. ಅವರೆಲ್ಲರ ನಡುವೆ, ಅವರಿಗಿಂತ ಕೀಳಾದವನು, ಎರಡನೆಯ ಸಾಲಿನಲ್ಲಿ ನಾನು.

ಚರ್ಚೆ ಎನ್ನುವುದು ಬರೀ ನೆಪ. ಸಂಘದ ಕಾರ್ಯದರ್ಶಿ ಜಯರಾಮಯ್ಯನವರ ಮನೆಯಲ್ಲಿ ಮೂರು ಕಾರು. ನಮ್ಮ ಮುಖ್ಯರಸ್ತೆಯ ಹದಿನಾಲ್ಕು ಹೊಂಗೆ ಮರಗಳನ್ನು ತೆಗೆಸಿ ಗಾಡಿ ನಿಲ್ಲಿಸಲು ಜಾಗ ಮಾಡಬೇಕೆಂದು ಅವರಿಗೂ ಅವರಂಥವರಿಗೂ ಆಸೆ. ನಿವಾಸಿಗಳ ಒಪ್ಪಿಗೆ ಪತ್ರ ಬೇಕಿತ್ತು. ಉಪ್ಪಿಟ್ಟು ಕೇಸರಿಬಾತಿಗೆ ಮುಂಚೆ ಕೈ ಎತ್ತಿಸುವುದು ಎಂದು ನಿರ್ಧಾರವಾಗಿತ್ತು.

ವಿಮಲಾ ಮಿಸ್ ಆಗ ನಮ್ಮ ಬಡಾವಣೆಯಲ್ಲೇ ಬಾಡಿಗೆಗಿದ್ದರು. ನಿವೃತ್ತರಾದ ಮೇಲೆ ಅವರೂ ತಮ್ಮ ತಾರಸಿಯಲ್ಲಿ ಅಂಥದ್ದೇ ಬಿಳಿ ಪೆಟ್ಟಿಗೆ ಮಾಡಿಸಿ ಇಟ್ಟಿದ್ದರು — ನನ್ನನ್ನು ನೋಡಿ ಕಲಿತದ್ದು ಎಂದು ನನಗೇ ಒಮ್ಮೆ ಹೇಳಿದ್ದರು. ಅವರು ಎದ್ದು, ಐದು ವರ್ಷದಿಂದ ತಾವು ಬರೆದುಕೊಂಡಿರುವುದನ್ನು ಓದಿದರು. ಬೇಸಿಗೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಹೊಂಗೆಯ ನೆರಳಿಗೂ ಬರಿಯ ರಸ್ತೆಗೂ ಇಷ್ಟಿಷ್ಟು ವ್ಯತ್ಯಾಸ, ಭೂಮಿಯ ಬಿಸಿಗೆ ಕಾರಣ ನಾವು ಸುಡುವ ಎಣ್ಣೆ ಕಲ್ಲಿದ್ದಲು, ಅದನ್ನು ನಾವೊಬ್ಬರೇ ನಿಲ್ಲಿಸಲಾರೆವು, ಈ ಮರಗಳನ್ನಾದರೂ ಉಳಿಸಬಲ್ಲೆವು. ಸಭೆಯಲ್ಲಿ ಲೆಕ್ಕ ಹಿಡಿದು ಮಾತಾಡಿದವರು ಅವರೊಬ್ಬರೇ.

“ಮೇಡಂ, ಇಡೀ ಭೂಮಂಡಲ ನಿಮ್ ಟೆರೇಸಿನ ಮೇಲೇ ಇದೆಯಾ?” ಎಂದರು ಜಯರಾಮಯ್ಯ. ಜನ ನಕ್ಕರು. “ಐದ್ ವರ್ಷ ಒಂದ್ ಲೆಕ್ಕಾನಾ? ಬಿಸಿಲು ಏರುತ್ತೆ, ಇಳಿಯುತ್ತೆ. ಪ್ರಕೃತಿ ಅದು.”

“ಐದು ವರ್ಷ ಕಮ್ಮಿನೇ, ಒಪ್ತೀನಿ,” ಎಂದರು ಮಿಸ್. ನಗುವವರೆದುರೂ ಆಕೆಗೆ ನ್ಯಾಯ ಬಿಡಲಾಗುತ್ತಿರಲಿಲ್ಲ. “ಇಲ್ಲೇ ಹತ್ತಿರ ಇನ್ನೂ ಹೆಚ್ಚು ವರ್ಷದ ದಾಖಲೆ ಇದ್ರೆ, ನನ್ನದಕ್ಕಿಂತ ಅದನ್ನೇ ನಂಬಬೇಕು.”

“ಇದೆಯಲ್ಲ. ಮರಿಯಪ್ಪನೋರೇ, ಎಲ್ ಕೂತಿದೀರಾ? ಎದ್ದೇಳಿ. ನಿಮ್ ಪುಸ್ತಕ ತಗೊಂಬನ್ನಿ.”

ಮನೆಗೆ ಹೋಗಿ ಬರಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನಾನು ಏನೆಲ್ಲ ಹೇಳಬಹುದಿತ್ತು — ಗೆದ್ದಲು ತಿಂದಿದೆ ಎನ್ನಬಹುದಿತ್ತು, ಬೀಗದ ಕೈ ಸಿಗಲಿಲ್ಲ ಎನ್ನಬಹುದಿತ್ತು. ಸುಳ್ಳು ಹೇಳುವುದರಲ್ಲಿ ಪಳಗಿದವನಿಗೆ ಅಷ್ಟು ಸಣ್ಣ ಸುಳ್ಳು ಯಾವ ಲೆಕ್ಕ. ಆದರೆ ನನ್ನ ಹೆಸರು ಮೈಕಿನಲ್ಲಿ ಕೇಳಿತ್ತು. ಪುಸ್ತಕಗಳ ಧೂಳು ಒರೆಸಿ, ಎದೆಗವಚಿಕೊಂಡು ಬಂದೆ.

ಜಯರಾಮಯ್ಯ ಮೊದಲ ಪುಸ್ತಕದ ಒಂದು ಏಪ್ರಿಲನ್ನೂ ಕೊನೆಯ ಪುಸ್ತಕದ ಒಂದು ಏಪ್ರಿಲನ್ನೂ ಅಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿದರು. ಎರಡೂ ಹೆಚ್ಚುಕಡಿಮೆ ಒಂದೇ. ಒಂದೇ ಆಗಿರದೆ ಇನ್ನೇನು? ಒಂದನ್ನು ನೋಡಿ ಇನ್ನೊಂದನ್ನು ಬರೆದವನು ನಾನೇ. ನಾಲ್ಕು ವರ್ಷದ ಬಿಸಿಲನ್ನೇ ಹದಿನೆಂಟು ವರ್ಷ ಮತ್ತೆ ಮತ್ತೆ ಉರಿಸಿದ್ದೆ. ನನ್ನ ಪುಸ್ತಕದಲ್ಲಿ ಭೂಮಿ ಬಿಸಿಯಾಗುವುದಾದರೂ ಹೇಗೆ?

ಮಿಸ್ ಮುಂದೆ ಬಂದರು. ಕನ್ನಡಕ ಸರಿಮಾಡಿಕೊಂಡು ಹಾಳೆ ತಿರುವಿದರು. ಆಮೇಲೆ ನನ್ನ ಕಡೆ ನೋಡಿದರು.

“ಮರಿಯಪ್ಪ, ಇದೆಲ್ಲ ನೀವು ದಿನಾ ಹತ್ತಿ, ನೋಡಿ ಬರೆದದ್ದು ತಾನೇ?”

“ಹೌದು ಮಿಸ್.”

ಎರಡೇ ಮಾತು. ಅವರಿಗೆ ಅನುಮಾನವಿತ್ತೇ, ನನಗೊಂದು ದಾರಿ ಬಿಟ್ಟುಕೊಟ್ಟರೇ — ಗೊತ್ತಿಲ್ಲ. ಇರಲಿಲ್ಲವೆಂದೇ ತೋರುತ್ತದೆ. ಏಕೆಂದರೆ ಅವರು ಮೈಕಿನ ಕಡೆ ತಿರುಗಿ ಹೇಳಿದರು: “ಮರಿಯಪ್ಪನವರನ್ನ ನಾನು ಬಲ್ಲೆ. ಅವರ ದಾಖಲೆ ಹೀಗೆ ಹೇಳೋದಾದ್ರೆ, ನಮ್ಮ ಏರಿಯಾದ ಮಟ್ಟಿಗೆ ನನ್ನದೇ ಎಲ್ಲೋ ತಪ್ಪಿರಬೇಕು. ನನ್ನ ಪೆಟ್ಟಿಗೆ ಗೋಡೆಗೆ ಹತ್ತಿರ ಇದೆ. ಅದಕ್ಕೆ ಬಿಸಿ ಜಾಸ್ತಿ ತೋರಿಸ್ತಿತ್ತೇನೋ. ನಾನು ಹೇಳಿದ ಅಂಕಿ ವಾಪಸ್ ತಗೋತೀನಿ. ಮರ ಮಾತ್ರ ಕಡಿಬೇಡಿ.”

ಕೊನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಪ್ರಾಮಾಣಿಕತೆಯನ್ನು ಜನ ಸೋಲೆಂದು ತಿಳಿದರು. ಕೈಗಳು ಎದ್ದವು. ಎತ್ತಿದ ಕೈಗಳಲ್ಲಿ ಒಂದು ನನ್ನದು.

ಮರದಡಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಮುನಿಯಮ್ಮ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಸಭೆ ಮುಗಿದು ಹೊರಬಂದಾಗ ನನ್ನನ್ನೇ ಕೇಳಿದಳು: “ಏನ್ ಸಾಮಿ, ಬಿಸ್ಲು ಜಾಸ್ತಿ ಆಗಿಲ್ವಂತೆ? ನಿನ್ ಪುಸ್ತಕ್ದಾಗೆ ಆಗಿಲ್ದೆ ಇರ್ಬೋದು. ನನ್ ನೆತ್ತಿ ಮ್ಯಾಲೆ ಆಗೈತೆ.” ನಾನು ನಕ್ಕು ಮುಂದೆ ಹೋದೆ. ಕೈಯಲ್ಲಿ ಕೇಸರಿಬಾತಿನ ದೊನ್ನೆಯಿತ್ತು.

ನನ್ನ ಪುಸ್ತಕಗಳು ಸಂಘದ ಬೀರು ಸೇರಿದವು. ಎರಡು ತಿಂಗಳಿಗೆ ಮರಗಳು ಬಿದ್ದವು. ಮುನಿಯಮ್ಮನ ಗಾಡಿಗೆ ಈಗ ಆ ‘ಭೂಮಿ ಉಳಿಸಿ’ ಫ್ಲೆಕ್ಸೇ ಚಾವಣಿ. ಕೆಳಗೆ ಕೆಂಡದ ಪೆಟ್ಟಿಗೆ, ಮೇಲೆ ಕಾದ ಪ್ಲಾಸ್ಟಿಕ್ಕು, ನಡುವೆ ಅವಳು. ಜಯರಾಮಯ್ಯನವರು ಮನೆಗೆ ಎರಡು ಎಸಿ ಹಾಕಿಸಿದ್ದಾರೆ, ಪಾರ್ಕಿನಲ್ಲಿ ಸಿಕ್ಕಾಗ “ಏನ್ ಸೆಕೆ ಮರಿಯಪ್ಪನೋರೇ ಈ ವರ್ಷ” ಎನ್ನುತ್ತಾರೆ. ಆ ಬಾಯಿಗೂ ಈ ಬಾಯಿಗೂ ಸಂಬಂಧವೇ ಇಲ್ಲ. ನನ್ನ ಪುಸ್ತಕದ ಹಾಳೆಗಳ ಫೋಟೋ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ: ‘ತಾಪಮಾನ ಏರಿಕೆ ಶುದ್ಧ ಸುಳ್ಳು, ಬಡ ಅಟೆಂಡರ್ ಸಾಬೀತು ಮಾಡಿದ್ದಾರೆ.’ ಇದನ್ನು ಮುಂದಕ್ಕೆ ಕಳಿಸುವ ಜನ ನನ್ನ ಪುಸ್ತಕವನ್ನು ನಂಬಿದ್ದಲ್ಲ. ತಮಗೆ ಬೇಕಾದದ್ದನ್ನು ನಂಬಲು ಅವರಿಗೊಂದು ಪುಸ್ತಕ ಬೇಕಿತ್ತು. ಅದನ್ನು ನಾನು ಒದಗಿಸಿದೆ.

ಮಿಸ್ ಆ ವರ್ಷವೇ ಮನೆ ಖಾಲಿ ಮಾಡಿ ಕೆಂಗೇರಿಯಲ್ಲಿ ತಂಗಿಯ ಮನೆ ಸೇರಿದರು. ಹೋದ ತಿಂಗಳು ಧೈರ್ಯ ಮಾಡಿ ಮೆಟ್ರೋ ಹತ್ತಿ ಅಲ್ಲಿಗೆ ಹೋದೆ. ಗೇಟಿನ ಪಕ್ಕದ ಕಾಂಪೌಂಡಿಗೆ ಒಂದು ಬಿಳಿ ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂರಿಸಿದ್ದರು. ಗುರುತು ಸಿಕ್ಕಿತು — ಅದೇ ಪಟ್ಟಿಗಳು, ಅದೇ ಸಣ್ಣ ಬಾಗಿಲು. ಒಳಗೆ ಗಾಜಿನ ಕೊಳವೆ ಇರಲಿಲ್ಲ. ಎರಡು ಹಾಲಿನ ಪ್ಯಾಕೆಟ್ ಇದ್ದವು. ಆಕೆ ಬರೆಯುವುದನ್ನು ನಿಲ್ಲಿಸಿದ್ದರು. ತಾವು ಕಣ್ಣಾರೆ ಕಂಡದ್ದನ್ನೇ ತಪ್ಪೆಂದು ತಿಳಿದು, ಪೆಟ್ಟಿಗೆಯನ್ನು ಹಾಲಿನವನಿಗೆ ಬಿಟ್ಟುಕೊಟ್ಟಿದ್ದರು. ಬೆಲ್ ಒತ್ತಲು ಎತ್ತಿದ ಕೈಯನ್ನು ಇಳಿಸಿ ವಾಪಸು ಬಂದೆ. ಏಣಿ ಹತ್ತದ ಕಾಲು ಗೇಟು ದಾಟೀತೇ?

ಮರಗಳಿಗಿಂತ, ಚಪ್ಪಾಳೆಗಿಂತ ಹೆಚ್ಚಾಗಿ ನನ್ನನ್ನು ತಿನ್ನುವುದು ಇನ್ನೊಂದಿದೆ. ಆ ಹದಿನೆಂಟು ವರ್ಷ ಆ ತಾರಸಿಯ ಮೇಲೆ ನಿಜವಾಗಿ ಬಿಸಿಲು ಎಷ್ಟಿತ್ತು? ಯಾರಿಗೂ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಪಾದರಸ ದಿನಾ ಏರಿ ಇಳಿದು, ಇಗೋ ಇಷ್ಟು ಎಂದು ತೋರಿಸಿ ಕಾಯುತ್ತಿತ್ತು. ನೋಡಲೆಂದೇ ಸಂಬಳ ಕೊಟ್ಟು ಇಟ್ಟಿದ್ದವನು ಕೆಳಗೆ ಕಾಫಿ ಕುಡಿಯುತ್ತಿದ್ದ.

ಬರುವ ಭಾನುವಾರ ಅನ್ನಪೂರ್ಣೇಶ್ವರಿ ನಗರದಲ್ಲಿ ಇಂಥದ್ದೇ ಇನ್ನೊಂದು ಚರ್ಚೆಯಿದೆ. ಅಲ್ಲಿಯೂ ರಸ್ತೆ ಬದಿಯ ಮರಗಳ ಮಾತು. ನನಗೆ ಶಾಲು ಹೊದಿಸುತ್ತಾರಂತೆ. ಪುಸ್ತಕಗಳನ್ನು ತರಲೇಬೇಕೆಂದು ಜಯರಾಮಯ್ಯ ಬೀರುವಿನಿಂದ ತೆಗೆದು ನನ್ನ ಕೈಗೆ ಕೊಟ್ಟಿದ್ದಾರೆ. ಅವು ಈಗ ನನ್ನ ಮೇಜಿನ ಮೇಲಿವೆ. ಮೊದಲ ಪುಸ್ತಕದಲ್ಲಿ, ನಾನು ಖಂಡಿತವಾಗಿ ಏಣಿ ಹತ್ತಿದ್ದೆ ಎಂದು ಹೇಳಬಲ್ಲ ಕೊನೆಯ ಶನಿವಾರದ ಕೆಳಗೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಉಳಿದ ಮೂರು ಪುಸ್ತಕಗಳ ಮೊದಲ ಹಾಳೆಯಲ್ಲಿ ‘ನೋಡದೆ ಬರೆದದ್ದು’ ಎಂದು ಬರೆದು ಸಹಿ ಹಾಕಿದ್ದೇನೆ. ಭಾನುವಾರ ಅದನ್ನು ಮೈಕಿನಲ್ಲಿ ಓದುತ್ತೇನೆ. ನಗುತ್ತಾರೆ, ಬೈಯುತ್ತಾರೆ, ಮೈಕು ಕಿತ್ತುಕೊಳ್ಳುತ್ತಾರೆ. ಅಷ್ಟರಲ್ಲಿ ಓದಿ ಮುಗಿಸಬೇಕು.

ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ, ಕೆಂಗೇರಿ. ಮಿಸ್, ನಿಮ್ಮ ಪೆಟ್ಟಿಗೆ ಗೋಡೆಗೆ ಹತ್ತಿರ ಇದ್ದದ್ದಲ್ಲ ತಪ್ಪು, ನನ್ನ ಪುಸ್ತಕ ತಪ್ಪು. ನೀವು ಬರೆದದ್ದು ಸರಿಯಿತ್ತು. ಇದನ್ನು ನಿಮ್ಮೆದುರು ನಿಂತು ಹೇಳಿ, ಪುಸ್ತಕ ತೆರೆದು ಆ ಗೆರೆಯನ್ನು ತೋರಿಸಬೇಕು. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಟ್ಟುಬಿಡುವಂಥವರು ನೀವು. ಗೆರೆಯ ಮೇಲಿರುವುದು ಬಿಸಿಲು. ಕೆಳಗಿರುವುದು ನಾನು.