ಎತ್ತು ಕೊಟ್ಟು ಟ್ರ್ಯಾಕ್ಟರ್ ತರಲು ಹೋದದ್ದು

ನಮ್ಮ ಮಾವನವರಿಗೆ ಗೊತ್ತಿಲ್ಲದ ಸಂಗತಿ ಈ ಲೋಕದಲ್ಲಿ ಇರಲಿಲ್ಲ. ಇದ್ದರೆ ಅದು ಇರಲು ಯೋಗ್ಯವಾದದ್ದಲ್ಲ ಎಂಬುದು ಅವರ ತಿಳುವಳಿಕೆ. ಅದರಲ್ಲೂ ಎತ್ತಿನ ವ್ಯಾಪಾರದಲ್ಲಿ ಅವರನ್ನು ಮೀರಿಸುವವರಿಲ್ಲ. ತಾವರಗೇರಾ ಸಂತೆಯ ದಲಾಲರು ಅವರನ್ನು ಕಂಡ ಕೂಡಲೇ ಕೈಮುಗಿಯುತ್ತಿದ್ದರು. ಗೌರವಕ್ಕೋ, ಪೀಡೆ ಬೇಗ ತೊಲಗಲಿ ಎಂತಲೋ ನನಗೆ ತಿಳಿಯದು. ಒಂದು ಎತ್ತಿನ ಮುಂದೆ ನಿಂತರೆಂದರೆ ಬಾಯಿ ತೆರೆಸಿ ಹಲ್ಲು ನೋಡುವುದು, ಬಾಲ ಜಗ್ಗುವುದು, ಮೈಮೇಲೆ ಸುಳಿ ಹುಡುಕುವುದು, ಹಿಂದೆ ಹೋಗಿ ಜೋರಾಗಿ ಕೆಮ್ಮಿ ಬೆದರುತ್ತದೋ ಎಂದು ಪರೀಕ್ಷಿಸುವುದು. ಅಷ್ಟು ಮುಗಿಯುವುದರೊಳಗೆ ಎತ್ತಿಗೂ ಬೇಸರ, ಮಾಲೀಕನಿಗೂ ಬೇಸರ. ನನ್ನನ್ನು ಸೊಸೆ ಮಾಡಿಕೊಳ್ಳಲು ನೋಡಬಂದಾಗಲೂ ಹೆಚ್ಚುಕಡಿಮೆ ಹೀಗೆಯೇ ನೋಡಿದ್ದರು. ಬಾಲ ಇಲ್ಲದ್ದಕ್ಕೆ ಬಚಾವಾದೆ.

ದೊಡ್ಡ ಯುದ್ಧ ಮುಗಿದು ಬಂದ ಬೇಸಿಗೆ ಅದು. ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆ. ಆನೆಗೊಂದಿ ಕಡೆಯ ಒಬ್ಬ ಸಾವಕಾರರು ಮುಂಬಯಿಯಿಂದ ತರಿಸಿದ್ದ ಟ್ರ್ಯಾಕ್ಟರನ್ನು ಮಾರುತ್ತಾರಂತೆ, ರೊಕ್ಕದ ಬದಲು ಒಂದು ಜೋಡಿ ಒಳ್ಳೆಯ ಎತ್ತು ಮತ್ತು ಒಂದಿಷ್ಟು ಜೋಳ ಕೊಟ್ಟರೂ ಆದೀತಂತೆ ಎಂಬ ಸುದ್ದಿ ಮಾವನ ಕಿವಿಗೆ ಬಿತ್ತು. ಸೀಮೆಎಣ್ಣೆ ಸಿಗುವುದಿಲ್ಲವೆಂದು ಮಾರುತ್ತಿದ್ದಾರೆ ಎಂದೂ ಸುದ್ದಿ ತಂದವನು ಹೇಳಿದ. ನಮಗೆ ಮಾತ್ರ ಹೇಗೆ ಸಿಗುತ್ತದೆ ಎಂದು ನನ್ನ ಗಂಡ ಕೇಳಿದ್ದಕ್ಕೆ, ಗಂಗಾವತಿಯ ಕಚೇರಿಯಲ್ಲಿ ತಮ್ಮನ್ನು ಬಲ್ಲವರಿದ್ದಾರೆ ಎಂದರು ಮಾವ. ಅವರನ್ನು ಬಲ್ಲವರು ಎಲ್ಲ ಕಚೇರಿಗಳಲ್ಲೂ ಇದ್ದರು, ಕೆಲಸ ಬಿದ್ದಾಗ ಮಾತ್ರ ರಜೆಯ ಮೇಲೆ ಹೋಗಿರುತ್ತಿದ್ದರು.

ಕೊಡಬೇಕೆಂದಿದ್ದ ಎತ್ತುಗಳು ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದವು. ಒಂದು ಬಿಳಿ, ಒಂದು ಬೂದಿ ಬಣ್ಣದ್ದು. ಬೂದಿ ಬಣ್ಣದ್ದು ಹುಟ್ಟಿದ ಕೂಡಲೇ ಅದರ ತಾಯಿ ಸತ್ತಿತ್ತು. ನಮ್ಮ ಅತ್ತೆಯವರು ಹಾಲಿನಲ್ಲಿ ಅರಿವೆ ಅದ್ದಿ ಅದರ ಬಾಯಿಗಿಟ್ಟು ಉಳಿಸಿಕೊಂಡಿದ್ದರು. ಮಕ್ಕಳನ್ನೂ ಅವರು ಅಷ್ಟು ಮುದ್ದು ಮಾಡಿದ್ದನ್ನು ನಾನು ಕಾಣೆ. ನನ್ನ ಗಂಡನೇ ಇದನ್ನು ಒಪ್ಪುತ್ತಿದ್ದ. ಎತ್ತು ಕೊಡುವ ಮಾತು ಬಂದಾಗ ಅತ್ತೆ ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು.

ನಮ್ಮ ಮನೆತನದಲ್ಲಿ ದನ ಮಾರಿದರೆ ಅದರ ಕೊರಳ ಹಗ್ಗವನ್ನು ಕೊಡುವುದಿಲ್ಲ. ಮನೆಯ ಹಿರಿಯ ಹೆಂಗಸು ತನ್ನ ಕೈಯಿಂದಲೇ ಅದನ್ನು ಬಿಚ್ಚಿ ಉಡಿಯಲ್ಲಿ ಹಾಕಿಕೊಂಡು ಮನೆಗೆ ತರಬೇಕು. ಅಲ್ಲಿಯತನಕ ವ್ಯಾಪಾರ ಮುಗಿದ ಹಾಗಲ್ಲ. ಹಾಗಾಗಿ ಅತ್ತೆ ಬರಲೇಬೇಕಾಯಿತು, ಅವರ ಜೊತೆಗೆಂದು ನಾನು. ಹೋಗುವಾಗ ಎತ್ತುಗಳು ನಮ್ಮ ಬಂಡಿ ಎಳೆಯುವುದು, ಬರುವಾಗ ಅದೇ ಬಂಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಊರು ಹೊಗುವುದು, ಇದು ಮಾವನ ಏರ್ಪಾಡು. ಊರ ಮುಂದಿನ ಕಟ್ಟೆಯ ಮೇಲೆ ಯಾರು ಯಾರು ಕುಳಿತಿರುತ್ತಾರೆ, ನೋಡಿ ಯಾರ ಮುಖ ಹೇಗಾಗುತ್ತದೆ ಎಂಬುದನ್ನು ದಾರಿಯುದ್ದಕ್ಕೂ ವರ್ಣಿಸಿದರು. ಗಂಗಾವತಿಯಲ್ಲಿ ಒಂದು ರಾತ್ರಿ ತಂಗಿದೆವು. ಅಲ್ಲಿಯ ಅಕ್ಕಿ ಗಿರಣಿಯ ಮಿಸ್ತ್ರಿಯೊಬ್ಬನನ್ನು ಹಿಡಿದು, ಹಳೆಯ ಟ್ರ್ಯಾಕ್ಟರಿನಲ್ಲಿ ಏನು ನೋಡಬೇಕು ಎಂದು ಮಾವ ಕೇಳಿದರು. ಗೇರು ಬದಲಿಸುವಾಗ ಗರಗರ ಅಂದರೆ ಒಳಗಿನ ಹಲ್ಲು ಸವೆದಿರುತ್ತವೆ, ಅಂಥದ್ದನ್ನು ಮುಟ್ಟಬೇಡಿ ಎಂದ ಅವನು. ಮಾವ ಇದು ತಮಗೆ ಮೊದಲೇ ಗೊತ್ತಿತ್ತೆಂಬಂತೆ ತಲೆಯಾಡಿಸಿದರು.

ಸಾವಕಾರರ ಬಾಳೆತೋಟ ಹೊಳೆಯ ದಂಡೆಗೇ ಇತ್ತು. ಟ್ರ್ಯಾಕ್ಟರನ್ನು ತೊಳೆದು, ಮುಂಭಾಗಕ್ಕೆ ಕುಂಕುಮ ಹಚ್ಚಿ ಬೇವಿನ ನೆರಳಲ್ಲಿ ನಿಲ್ಲಿಸಿದ್ದರು. ಮಾವ ಅದರ ಸುತ್ತ ತಿರುಗಿದರು. ಗಾಲಿಗೆ ಒದ್ದರು. ಹಿಂದೆ ಹೋಗಿ ನಿಂತು ಕೆಮ್ಮಿದರು. ರೂಢಿಯ ಮೇಲೆ ಕೆಮ್ಮಿದರೋ, ಕಬ್ಬಿಣವೂ ಬೆದರೀತು ಎಂದುಕೊಂಡರೋ, ದೇವರೇ ಬಲ್ಲ. ಆಮೇಲೆ ಸಾವಕಾರರ ಡ್ರೈವರ್ ಹತ್ತಿ ಶುರು ಮಾಡಿದ, ಮಾವ ಪಕ್ಕದಲ್ಲಿ ತೂಗಾಡುತ್ತ ಕುಳಿತರು. ಗದ್ದೆಯ ಬದುವಿನ ಗುಂಟ ಬಹಳ ಹೊತ್ತು ಓಡಿಸಿಕೊಂಡು ಬಂದರು. ಒಂದನೆಯ ಗೇರು, ಎರಡು, ಮೂರು. ಗರಗರ ಎಂಬ ಸಪ್ಪಳವೇ ಇಲ್ಲ.

"ಒಂಚೂರು ತಕರಾರ ಇಲ್ಲ, ಮೆತ್ತಗ ಹೊಕ್ಕೊಂತೈತಿ. ಒದರದ ದುಡಿಯೋದು ಅಂದ್ರ ಇದು," ಎಂದು ಇಳಿದರು. ಒದರುವ ಎತ್ತನ್ನು ಅವರು ಎಂದೂ ಕೊಂಡವರಲ್ಲ. ದನದ ಸಂತೆಯ ರೂಢಿಯಂತೆ ಹೆಗಲ ಮೇಲಿನ ಟವಲನ್ನು ಸಾವಕಾರರ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಜೋಳದ ಲೆಕ್ಕ ಮುಗಿಸಿದರು. ಅತ್ತೆಯನ್ನು ಕರೆದು ಹಗ್ಗ ಬಿಚ್ಚೆಂದರು.

ಎತ್ತುಗಳನ್ನು ಟ್ರ್ಯಾಕ್ಟರಿನ ಹತ್ತಿರವೇ ಕಟ್ಟಿದ್ದರು. ಅತ್ತೆ ಹೋದವರು ಬೂದಿ ಎತ್ತಿನ ಕೊರಳಿಗೆ ಕೈ ಹಾಕಿ ಹಾಗೇ ನಿಂತರು. ಬಿಚ್ಚಲಾರದೆ ನಿಂತಿದ್ದಾರೆ ಎಂದುಕೊಂಡು ನಾನು ಪಕ್ಕಕ್ಕೆ ಹೋದೆ. ಆಗ ನನ್ನ ಮೂಗಿಗೂ ವಾಸನೆ ಬಡಿಯಿತು. ನಮ್ಮ ಒಣ ಊರಿನಲ್ಲಿ ಬಾಳೆಹಣ್ಣೆಂದರೆ ಹಬ್ಬಕ್ಕೋ ಬೀಗರು ಬಂದಾಗಲೋ ಮಾಡುವ ಶೀಕರಣಿಯಲ್ಲಿ ಕಾಣುವ ವಸ್ತು. ಅದರ ವಾಸನೆ ನಮಗೆ ಮೈಲು ದೂರದಿಂದ ತಿಳಿಯುತ್ತದೆ. ಆನೆಗೊಂದಿಯವರು ಅದರಲ್ಲೇ ಹುಟ್ಟಿ ಅದರಲ್ಲೇ ಮಲಗುವವರು, ಅವರ ಮೂಗಿಗೆ ಅದು ಲೆಕ್ಕಕ್ಕಿಲ್ಲ. ಮಾವನ ಮೂಗನ್ನಂತೂ ನಶ್ಯ ಎಂದೋ ತಿಂದುಹಾಕಿತ್ತು.

"ಇದರಾಗಿಂದ ಶೀಕರಣಿ ವಾಸನಿ ಬರಾಕತ್ತೈತ್ರಿ," ಎಂದರು ಅತ್ತೆ.

"ಸುತ್ತ ಬಾಳಿತೋಟ ಐತಿ, ವಾಸನಿ ಬರದ ಇರತೈತೇನು? ನೀ ಹಗ್ಗ ಬಿಚ್ಚು," ಎಂದರು ಮಾವ.

"ತೋಟದ್ದಲ್ರಿ, ಇದು ಕಾಸಿದ ಹಣ್ಣಿನ ವಾಸನಿ. ಈ ಗೇರಿನ ಪೆಟಗಿಯಿಂದ ಬರತೈತಿ. ಇದರ ಬಾಯಿ ತೆಗಸ್ರಿ."

ಸಾವಕಾರರು ನಡುವೆ ಬಂದರು. "ಅದನ್ನ ತೆಗಿಬಾರದು ತಾಯಿ. ಒಳಗ ಗಾಳಿ ಹೊಕ್ಕರ ಕೆಡತೈತಿ."

ಅತ್ತೆ ಅವರತ್ತ ನೋಡದೆ ಮಾವನಿಗೇ ಹೇಳಿದರು: "ಸಂತ್ಯಾಗ ಯಾವ ಎತ್ತಿನ ಬಾಯಿ ತೆಗಸದ ಬಿಟ್ಟೀರಿ ನೀವು? ಗಾಳಿ ಹೊಕ್ಕು ಯಾವ ಎತ್ತು ಸತ್ತೈತಿ?"

ಮಾವ ಸಿಕ್ಕಿಬಿದ್ದರು. ಹತ್ತು ಮಂದಿಯ ಮುಂದೆ ಬಾಯಿ ನೋಡದೆ ಕೊಂಡೆ ಎನಿಸಿಕೊಳ್ಳಲು ಅವರಿಗೆ ಆಗದು. "ತೆಗಿಯಪಾ," ಎಂದು ಡ್ರೈವರನಿಗೆ ಹೇಳಿದರು. ಅವನು ಸಾವಕಾರರ ಮುಖ ನೋಡಿದ, ನೆಲ ನೋಡಿದ, ಕೊನೆಗೆ ಪಾನಾ ತಂದು ಮುಚ್ಚಳದ ನಟ್ಟು ಬಿಚ್ಚಿದ. ಒಳಗೆ ಕರಿ ಎಣ್ಣೆಯಲ್ಲಿ ಕಲಸಿದ ಬಾಳೆಹಣ್ಣು, ಕೈಗೆ ಸಿಕ್ಕಷ್ಟು ಬಾಳೆನಾರು. ಕಡ್ಡಿಯಿಂದ ಬಳಿದು ತೆಗೆದ ಮೇಲೆ ಅಡಿಯಲ್ಲಿ ಗೇರು ಕಂಡವು. ಮಾವ ಬಗ್ಗಿ ನೋಡಿದರು. ಹಲ್ಲು ಎಣಿಸುವ ಅಭ್ಯಾಸ ಇದ್ದವರು, ಆದರೆ ಎಣಿಸಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

"ಇದನ್ನ ತುಂಬಿದ್ರ ಸಪ್ಪಳ ಬರೂದಿಲ್ರಿ," ಎಂದ ಡ್ರೈವರ್, ಕೇಳದಿದ್ದರೂ. "ನಿಮ್ಮ ಊರು ಮುಟ್ಟೂತನಕ ತಾಳತಿತ್ರಿ."

ಮಾವ ಬೈಯಲು ಶುರು ಮಾಡಿದರು. ಅವರಿಗೆ ಬರುವ ಬೈಗುಳಗಳನ್ನು ಇಲ್ಲಿ ಬರೆದರೆ ಅಚ್ಚಿನವರು ಒಪ್ಪುವುದಿಲ್ಲ. ಸಾವಕಾರರು ಮಾತ್ರ ಅಲುಗಲಿಲ್ಲ.

"ಯಾಪಾರ ಅಂದಮ್ಯಾಲ ಇಷ್ಟು ಇರತೈತ್ರಿ ಯಜಮಾನ್ರ. ನೀವೇನು ಕಡಿಮಿ ಅದೀರಿ? ನಿಮ್ಮ ಎತ್ತಿನ ಬಾಯಾಗ ಇನ್ನೂ ಬೆಲ್ಲದ ಜೊಲ್ಲು ಐತಿ. ಕೋಡಿಗೆ ಎಣ್ಣಿ ಹಚ್ಚೀರಿ. ನಾಕ ದಿನ ಮೇಯಿಸಿ, ಮೈ ತುಂಬಿ ಕಾಣಲಿ ಅಂತ ತಂದೀರಿ, ಹೌದಿಲ್ಲೋ?"

ಮಾವ ಎತ್ತುಗಳತ್ತ ತಿರುಗಿದರು. ಈ ಬೆಲ್ಲದ ಸಂಗತಿ ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಆದರೆ ಆಯುಷ್ಯವಿಡೀ ಮುದಿ ಎತ್ತುಗಳಿಗೆ ಬೆಲ್ಲ ತಿನ್ನಿಸಿ, ಎಣ್ಣೆ ತಿಕ್ಕಿ ಹೋರಿಗಳೆಂದು ಮಾರಿದ ಮನುಷ್ಯ, ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ನನಗೆ ನಗು ತಡೆಯದೆ ಸೆರಗು ಬಾಯಿಗೆ ಹಿಡಿದೆ.

"ನಾ ತಿನಿಸೀನ್ರಿ," ಎಂದರು ಅತ್ತೆ. ಅವರ ಕೈ ಇನ್ನೂ ಎತ್ತಿನ ಕೊರಳಲ್ಲೇ ಇತ್ತು. "ಯಾಪಾರಕ್ಕಲ್ಲ. ನಿಮ್ಮನ್ಯಾಗ ಬೆಲ್ಲ ಕೊಡತಾರೋ ಇಲ್ಲೋ ಅಂತ ತಿನಿಸೀನಿ."

ಸಾವಕಾರರು ಹೊಳೆಯ ಕಡೆ ನೋಡತೊಡಗಿದರು. ಬಾಯಿಗೆ ಸೆರಗು ಹಿಡಿದೇ ನಿಂತಿದ್ದ ನನಗೆ ಅಳು ಬಂದುಬಿಟ್ಟಿತು. ಮಾವ ಅತ್ತೆಯ ಮುಖವನ್ನು ಒಂದು ಸಲ ನೋಡಿ ಬಂಡಿಯ ಹತ್ತಿರ ಹೋದರು. ಬಂಡಿ ಹೊಡೆದುಕೊಂಡು ಬಂದಿದ್ದ ಆಳನ್ನು ಕರೆಯಲಿಲ್ಲ. ತಾವೇ ನೊಗ ಎತ್ತಿ ಹಿಡಿದು ನಿಂತರು. ಅತ್ತೆ ಬಿಟ್ಟ ಕೂಡಲೇ ಎತ್ತುಗಳೆರಡೂ ತಾವಾಗಿ ಬಂದು ಕೊರಳು ಕೊಟ್ಟವು.