ದೊಡ್ಡವ್ವನ ತೊಡೆಯ ಚರ್ಮ

ಗ್ಯಾಸ್ ಎಂದರೆ ನಮ್ಮ ದೊಡ್ಡವ್ವನಿಗೆ ಭಯ. ಸಿಲಿಂಡರಿಗೆ ಕುಂಕುಮ ಹಚ್ಚಿ ಮೂಲೆಯಲ್ಲಿ ಕೂರಿಸಿದ್ದಳು. ಅಡುಗೆ ಮಾತ್ರ ಕಟ್ಟಿಗೆ ಒಲೆಯ ಮೇಲೆ. ಎಪ್ಪತ್ತು ದಾಟಿದ ಮೇಲೆ ಅವಳನ್ನು ಸುಟ್ಟದ್ದು ಆ ನಂಬಿಕಸ್ಥ ಒಲೆಯೇ. ಬೆಂಕಿ ಊದುವಾಗ ಸೆರಗು ಹೊತ್ತಿಕೊಂಡಿತು. ಆರಿಸಲು ಹೋಗಿ ಬಲಗೈ ಮೊಣಕೈವರೆಗೂ ಬೆಂದಿತು.

ಚೀರಿದ್ದು ಕೇಳಿ ಮೊದಲು ಓಡಿದವಳು ನನ್ನ ಅವ್ವ. ವಡಗೇರಾದ ಒಂದೇ ಮನೆಗೆ ನಡುವೆ ಗೋಡೆ ಹಾಕಿಕೊಂಡಿದ್ದ ಈ ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಂದಿರು, ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವ್ವ ಆಗಲೂ ಮಾತಾಡಲಿಲ್ಲ. ಒಂದು ಕೊಡ ನೀರು ತಂದು ಮೈಮೇಲೆ ಸುರಿದಳು. ನೆರೆಯವರು ಟೂತ್‌ಪೇಸ್ಟ್ ಬಳಿದರು. ಯಾದಗಿರಿಯ ಆಸ್ಪತ್ರೆಗೆ ಕರೆದೊಯ್ದಾಗ ನರ್ಸಿಗೆ ಅದನ್ನು ತೊಳೆಯುವುದೇ ಮೊದಲ ಕೆಲಸವಾಯಿತು.

ಸುಟ್ಟ ಚರ್ಮ ತೆಗೆದು ಬೇರೆ ಚರ್ಮ ಕೂಡಿಸಬೇಕು, ಇಲ್ಲದಿದ್ದರೆ ಬೆರಳು ಮುದುರಿಕೊಳ್ಳುತ್ತವೆ ಎಂದರು ಡಾಕ್ಟರು. ವಯಸ್ಸಾದವರ ಚರ್ಮ ತೆಳು, ಬಿಪಿ, ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಆಪರೇಷನ್ ಎಂದೂ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅವ್ವ ಮುಂದೆ ಬಂದಳು.

"ನಂದ ತಗೋರಿ ಸಾಹೇಬ್ರ. ನನ್ನ ಮೈ ಇನ್ನಾ ಗಟ್ಟಿ ಅದ."

ದೊಡ್ಡವ್ವ ಮಂಚದ ಮೇಲಿಂದ ನನ್ನ ಕಡೆ ತಿರುಗಿದಳು. "ಆಕಿದು ಬ್ಯಾಡಂತ ಹೇಳು. ನಾಳಿ ನನ್ನ ಕೈ ಆಕಿ ಮಾತ ಕೇಳ್ತದ."

ಬೇರೆಯವರ ಚರ್ಮ ಉಳಿಯುವುದಿಲ್ಲ, ಇವರ ತೊಡೆಯಿಂದಲೇ ತೆಳುವಾಗಿ ತೆಗೆಯುತ್ತೇವೆ ಎಂದು ಡಾಕ್ಟರು ನಕ್ಕರು. ದೊಡ್ಡವ್ವನಿಗೆ ಸಮಾಧಾನವಾಯಿತು. ಅವ್ವನಿಗೆ ಅವಮಾನವಾದಂತೆ ಕಂಡಿತು.

ಕೂಡಿಸಿದ ಚರ್ಮ ಕೈಗೆ ಚೆನ್ನಾಗಿ ಹತ್ತಿಕೊಂಡಿತು. ಆದರೆ ಚರ್ಮ ಕೊಟ್ಟ ತೊಡೆ ಉರಿಯತೊಡಗಿತು, ಕೈಗಿಂತ ಹೆಚ್ಚು.

"ಸುಟ್ಟದ್ದು ಕೈ, ಶಿಕ್ಷಾ ತೊಡಿಗಿ. ಇದ್ಯಾವ ನ್ಯಾಯರಿ?" ಎಂದು ದೊಡ್ಡವ್ವ ಡಾಕ್ಟರನ್ನೇ ಕೇಳಿದಳು. ಅವರು ನೋವಿನ ಗುಳಿಗೆ ಬರೆದುಕೊಟ್ಟರು.

ಬಲಗೈಗೆ ಪಟ್ಟಿ ಇದ್ದುದರಿಂದ ಉಣಿಸುವ ಕೆಲಸ ಅವ್ವನ ಪಾಲಿಗೆ ಬಂತು. ಮೊದಮೊದಲು ಇಬ್ಬರೂ ನನ್ನ ಮೂಲಕವೇ ಮಾತಾಡಿದರು. ಸಾರಿಗೆ ಉಪ್ಪು ಕಡಿಮೆಯಾದದ್ದನ್ನೂ ನಾನೇ ಒಂದು ಮೊಳ ದೂರಕ್ಕೆ ಮುಟ್ಟಿಸಬೇಕಿತ್ತು. ಒಮ್ಮೆ ಚಹಾ ತರಲು ಹೋಗಿ ಬಂದೆ. ತುತ್ತು ದೊಡ್ಡದಾಯಿತೆಂದು ದೊಡ್ಡವ್ವ ಅವ್ವನನ್ನು ನೇರವಾಗಿಯೇ ಬೈಯುತ್ತಿದ್ದಳು, ಅವ್ವ ನೇರವಾಗಿಯೇ ತಿರುಗಿ ಬೈಯುತ್ತಿದ್ದಳು. ನನ್ನ ನೌಕರಿ ಹೋಯಿತು. ಬಾಗಿಲಲ್ಲೇ ನಿಂತು ನಾನು ಚಹಾ ಕುಡಿದೆ.

ಈಗ ಆ ಕೈಯ ಮೇಲೆ ಬೇರೆ ಬಣ್ಣದ ತೇಪೆ ಇದೆ, ಬೆರಳು ಪೂರ್ತಿ ಮಡಚುವುದಿಲ್ಲ. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಬದಿಗಿಟ್ಟು ದೊಡ್ಡವ್ವ ಜೋಳದ ಹಿಟ್ಟು ನಾದುತ್ತಾಳೆ. ರೊಟ್ಟಿ ದಪ್ಪ, ಅಂಚೆಲ್ಲ ಒಡಕು. ಅವ್ವ ದಿನಾ ಅದಕ್ಕೆ ಕೊಂಕು ತೆಗೆದು, ಎರಡನೆಯದನ್ನೂ ಕೇಳಿ ಹಾಕಿಸಿಕೊಳ್ಳುತ್ತಾಳೆ.